ಪ್ಯಾಕಪ್ ಆಗುವ ತನಕ ಸಾಯಬಾರದು

ಸತ್ತ ಹೆಂಗಸು ಎದ್ದು ಕೂತು ಟೀ ಕೇಳಿದಳು.

ಗಾಬರಿಯಾಗಬೇಡಿ, ಇದು ದೆವ್ವದ ಕಥೆಯಲ್ಲ. ಮೂಗಿಗೆ ಹತ್ತಿ, ಹಣೆಗೆ ವಿಭೂತಿ, ಕೊರಳಿಗೆ ಚೆಂಡುಹೂವಿನ ಹಾರ ಹಾಕಿಸಿಕೊಂಡು ಚಟ್ಟದ ಮೇಲೆ ಮಲಗಿದ್ದ ಆಕೆ ಎದ್ದು ಕೂತಳು. ಮೂಗಿನ ಹತ್ತಿ ತೆಗೆದು ಪಕ್ಕಕ್ಕಿಟ್ಟಳು. "ಸಕ್ಕರೆ ಕಮ್ಮಿ ಹಾಕಪ್ಪ, ಡಾಕ್ಟ್ರು ಬೇಡ ಅಂದಿದ್ದಾರೆ" ಎಂದಳು. ಸುತ್ತ ಕೂತು ಎದೆ ಬಡಿದುಕೊಂಡು ಅಳುತ್ತಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ನಗದೇ ಇರಲು ಸಾಧ್ಯವೇ?

ಹೋದ ವಾರ ಈ ಅಂಕಣ ಯಾಕೆ ಬರಲಿಲ್ಲವೆಂದು ಚನ್ನಗಿರಿ ಬಸ್ ಸ್ಟ್ಯಾಂಡಿನಲ್ಲಿ ಕೆಲವರು ನಿಲ್ಲಿಸಿ ಕೇಳಿದರು. (ಉಳಿದವರು ನೆಮ್ಮದಿಯಾಗಿದ್ದರೆಂದು ಕಾಣುತ್ತದೆ.) ಬರೆಯಲು ಕೂತಿದ್ದೆ. ಆಗಲಿಲ್ಲ. ಅದಕ್ಕೆ ಕಾರಣ ನಾನು ನೋಡಿ ಬಂದ ಈ ಶೂಟಿಂಗ್.

ನನ್ನ ಅಕ್ಕ ಗಿರಿಜಮ್ಮನನ್ನು ಕೊಟ್ಟಿರುವುದು ಜಗಳೂರು ತಾಲ್ಲೂಕಿನ ಒಂದು ಹಳ್ಳಿಗೆ. ಬಿಳಿಚೋಡಿನಲ್ಲಿ ಇಳಿದು ಒಳಗೆ ನಡೆಯಬೇಕು. (ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಮುಂದಿನ ಸಲ ಅಕ್ಕ ನನಗೆ ಬಾಗಿಲಲ್ಲೇ ನೀರು ಕೊಟ್ಟು ಕಳಿಸುತ್ತಾಳೆ.) ಶಾಲೆಗೆ ಬೇಸಿಗೆ ರಜೆ. "ಊರಾಗೆ ಸಿನಿಮಾ ತಗೀತಾರಂತೆ, ಬಾರೋ" ಎಂದು ಅಕ್ಕ ಹೇಳಿಕಳಿಸಿದ್ದಳು. ನಾನು ಮೇಷ್ಟ್ರಾದರೂ ಟೆಂಟ್ ಸಿನಿಮಾದ ನೆಲದಲ್ಲಿ ಕೂತು ಬೆಳೆದವನು. ಬೇಡ ಅನ್ನುವೆನೇ? ಅಂಗಿ ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟೆ.

ಆ ಊರೇ ಯಾಕೆ ಬೇಕಿತ್ತು ಎಂದು ಸಿನಿಮಾದವರ ಮ್ಯಾನೇಜರನ್ನು ಕೇಳಿದೆ. ಸಫಾರಿ ಸೂಟಿನ ಮನುಷ್ಯ, ಕೈಯಲ್ಲಿ ಸದಾ ಸಿಗರೇಟು. "ಹಸಿರು ಕಾಣಬಾರ್ದು ಸಾರ್. ಮೈಸೂರು ಕಡೆ ಎಲ್ಲಿ ಕ್ಯಾಮೆರಾ ಇಟ್ರೂ ಹಸಿರು. ಇಲ್ಲಿ ನೋಡಿ, ಎಷ್ಟು ಚೆನ್ನಾಗಿ ಒಣಗಿದೆ!" ಎಂದ. ನಮ್ಮ ಬಯಲಿಗೆ ಕೊನೆಗೂ ಒಂದು ಬೆಲೆ ಬಂತಲ್ಲ ಎಂದು ನಾನು ಸಮಾಧಾನಪಟ್ಟುಕೊಂಡೆ.

ತೆಗೆಯುತ್ತಿದ್ದದ್ದು ಹೀರೋನ ತಾಯಿ ಸತ್ತ ದೃಶ್ಯ. ಅಕ್ಕನ ಓಣಿಯ ನಡುವೆ ಒಂದು ಮನೆಯ ಮುಂದೆ ಚಟ್ಟ. ಪಕ್ಕದಲ್ಲಿ ಕುಳ್ಳಿನ ಬೆಂಕಿ ಹೊಗೆಯಾಡುತ್ತಿತ್ತು. ಜಗಳೂರಿನಿಂದ ಹಲಗೆ ಬಾರಿಸುವವರನ್ನೂ ಕರೆಸಿದ್ದರು. ಒಂದೂ ಕೊರತೆಯಿಲ್ಲ. ನಮ್ಮಲ್ಲಿ ಸಾವಾದ ಮನೆಯ ಮುಂದೆ ಏನೇನು ಇರಬೇಕೋ ಎಲ್ಲವನ್ನೂ ಊರ ಗೌಡರನ್ನು ಕೇಳಿಕೊಂಡೇ ಮಾಡಿದ್ದರು.

ಅಳಲು ಮಾತ್ರ ಬೆಂಗಳೂರಿನಿಂದ ಯಾರನ್ನೂ ಕರೆತಂದಿರಲಿಲ್ಲ. ಅದಕ್ಕೆ ಓಣಿಯ ಹೆಂಗಸರೇ ಇದ್ದರು. ದಿನಕ್ಕೆ ಕೊಡುವ ಹಣ ಶೇಂಗಾ ಸುಲಿಯುವ ಕೂಲಿಯ ನಾಲ್ಕರಷ್ಟು. ಎರಡು ದಿನದ ಕೆಲಸ. ಒಬ್ಬಳು ಸ್ಟೀಲ್ ಕೊಡ ಕೊಳ್ಳುವವಳು, ಒಬ್ಬಳು ಮಗನ ಶಾಲೆಯ ಚಡ್ಡಿ ಹೊಲಿಸುವವಳು, ಒಬ್ಬಳು ಯಾರಿಗೂ ಹೇಳದೆ ಬಚ್ಚಿಡುವವಳು. ನನ್ನ ಅಕ್ಕನೂ ಮೊದಲ ಸಾಲಿನಲ್ಲಿ ಸೆರಗು ಕಚ್ಚಿಕೊಂಡು ಕೂತಿದ್ದಳು. ನನ್ನನ್ನು ನೋಡಿ ನಾಚಿಕೊಂಡಳು.

ನಮ್ಮ ಕಡೆ ಅಳುವುದೆಂದರೆ ಬರೀ ಕಣ್ಣೀರು ಹಾಕುವುದಲ್ಲ, ನಿಮಗೆ ಗೊತ್ತು. ಹಾಡಿಕೊಂಡು ಅಳುತ್ತಾರೆ. ಸತ್ತವರು ಹೇಗೆ ಬದುಕಿದರು, ಯಾರಿಗೆ ಉಣಿಸಿದರು, ಯಾರ ಜೊತೆ ಜಗಳ ಆಡಿದರು, ಯಾವ ಆಸೆ ಹಾಗೇ ಉಳಿಯಿತು, ಎಲ್ಲವೂ ಆ ಅಳುವಿನಲ್ಲಿ ಬರುತ್ತದೆ. ದೂರದಿಂದ ಮಗಳು ಬಂದರೆ ಹೆಂಗಸರು ಓಣಿಯ ಬಾಯಿಯ ತನಕ ಹೋಗಿ ಅವಳ ಕೊರಳು ತಬ್ಬಿ ಅತ್ತು, ನಡುವೆ ಹಿಡಿದುಕೊಂಡು ಮನೆಗೆ ಕರೆತರುತ್ತಾರೆ. ಒಬ್ಬಳನ್ನೇ ನಡೆಯಲು ಬಿಡುವುದಿಲ್ಲ. ಹಾಗೆ ಅತ್ತದ್ದು ಸತ್ತವರಿಗೆ ಮುಟ್ಟುತ್ತದೆ, ಅಳುವವರಿಲ್ಲದೆ ಹೋದ ಜೀವ ಹೊಸಿಲು ದಾಟುವುದಿಲ್ಲ ಎಂದು ನಮ್ಮ ಹಿರಿಯರ ನಂಬಿಕೆ.

ಆ ಊರಿನಲ್ಲಿ ಹಾಗೆ ಅಳುವುದರಲ್ಲಿ ಮೊದಲಿಗಳು ಸಿದ್ದಜ್ಜಿ.

ಅಕ್ಕನ ಮನೆಯಿಂದ ಮೂರನೆಯ ಮನೆ. ಬೆನ್ನು ಬಾಗಿದ, ಬಾಯಿ ಜೋರಿನ ಮುದುಕಿ. ಯಾರ ಮನೆಯಲ್ಲಿ ಸಾವಾದರೂ ಮೊದಲು ಹೋಗಿ ಕೂರುವವಳು ಅವಳೇ. ಜಗಳವಾಡಿ ಮಾತು ಬಿಟ್ಟವರ ಮನೆಯಾದರೂ ಸರಿ. "ಜಗಳ ಇದ್ದೋರ ಜೊತೆಗೆ, ಸತ್ತೋರ ಜೊತೆಗೆ ಎಂಥದು?" ಅನ್ನುತ್ತಿದ್ದಳು.

ಎಪ್ಪತ್ತನೆಯ ಇಸವಿಯ ಸುಮಾರಿನ ಒಂದು ಮಾತು ಹೇಳುತ್ತೇನೆ. ನಾನಾಗ ಇನ್ನೂ ಕೆಲಸವಿಲ್ಲದೆ ಅಕ್ಕನ ಮನೆಯ ರೊಟ್ಟಿ ಕರಗಿಸುತ್ತಿದ್ದೆ. ಬಳೆ ಮಾರಿಕೊಂಡು ಬಂದ ಒಬ್ಬ ಮನುಷ್ಯ ಗುಡಿಯ ಕಟ್ಟೆಯ ಮೇಲೆ ಮಲಗಿದವನು ಮಲಗಿದ ಹಾಗೇ ಹೋಗಿಬಿಟ್ಟಿದ್ದ. ಯಾವ ಊರಿನವನೋ, ಯಾವ ಜಾತಿಯವನೋ, ಒಬ್ಬರಿಗೂ ಗೊತ್ತಿಲ್ಲ. ಆ ದಿನ ಓಣಿಯಲ್ಲಿ ಒಲೆ ಹಚ್ಚಲಿಲ್ಲ. ಹೆಣ ಎತ್ತುವ ತನಕ ಮಕ್ಕಳಿಗೂ ಬರೀ ಮಂಡಕ್ಕಿ. ಸಿದ್ದಜ್ಜಿ ಅವನ ತಲೆಯ ಹತ್ತಿರ ಕೂತು ಅತ್ತಳು. ಅವನ ಕಥೆ ಅವಳಿಗೇನು ಗೊತ್ತು? ಗೊತ್ತಿಲ್ಲ ಅಂತಲೇ ಅತ್ತಳು. "ಯಾವ ತಾಯಿ ಎಲ್ಲಿ ಕುಂತು ದಾರಿ ನೋಡ್ತಾಳೋ ಮಗನೇ, ಎಷ್ಟು ಕೈಗೆ ಬಳೆ ಇಟ್ಟೆಯೋ ಮಗನೇ, ನಿನ್ನ ಬಾಯಿಗೆ ನೀರು ಬಿಡಾಕೆ ಒಂದು ಕೈ ಬರಲಿಲ್ಲಲ್ಲೋ." ಓಣಿಯ ಗಂಡಸರೆಲ್ಲ ಗೋಡೆಗೆ ಮುಖ ತಿರುಗಿಸಿ ನಿಂತಿದ್ದರು.

ಇಂಥ ಸಿದ್ದಜ್ಜಿಯನ್ನು ಸಿನಿಮಾದವರು ಕರೆಯದೆ ಇರುತ್ತಾರೆಯೇ? ಕರೆದರಂತೆ. ಬರುವುದಿಲ್ಲ ಅಂದಳಂತೆ. ದೊಡ್ಡ ತತ್ವವೇನೂ ಅಲ್ಲ. ನಾಲ್ಕು ದಿನದಿಂದ ಜ್ವರ, ಏಳಲು ಆಗುತ್ತಿರಲಿಲ್ಲ. ಮೊದಲ ದಿನ ಸಂಜೆ ನಾನು ಹೋಗಿ ಮಾತಾಡಿಸಿದಾಗ ಕಂಬಳಿಯೊಳಗಿಂದಲೇ, "ಹೆಂಗೆ ಅಳ್ತಾವೋ ಮೇಷ್ಟ್ರೇ ನಮ್ಮ ಹುಡುಗೇರು?" ಎಂದು ಕೇಳಿದಳು. ಚೆನ್ನಾಗಿ ಅಳ್ತಾರೆ ಅಜ್ಜಿ ಅಂದೆ. "ಕಲೀಲಿ ಬಿಡು, ನಾಳೆ ನಂಗೂ ಬೇಕಾಗತೈತೆ" ಎಂದು ನಕ್ಕಳು.

ಮರುದಿನ ಬೆಳಗಾಗುವಷ್ಟರಲ್ಲಿ ಸಿದ್ದಜ್ಜಿ ಹೋಗಿದ್ದಳು.

ಅಕ್ಕ ನನ್ನನ್ನು ಹಿತ್ತಲಿಗೆ ಕರೆದು ಪಿಸುಗುಟ್ಟಿದಳು. ಸಾವಿನ ಸುದ್ದಿಯನ್ನು ಯಾಕೆ ಪಿಸುಗುಟ್ಟಬೇಕು? ನನಗೆ ಅರ್ಥವಾಗಲಿಲ್ಲ. ಸಿದ್ದಜ್ಜಿಯ ಮನೆಗೆ ಹೋದೆ. ಬಾಗಿಲು ಅರ್ಧ ಹಾಕಿತ್ತು. ಒಳಗೆ ಅವಳ ಮಗ ಕರಿಬಸಪ್ಪ ತಾಯಿಯ ಕಾಲ ಬಳಿ ಕೂತಿದ್ದ. ಊರ ಗೌಡರು ಗೋಡೆಗೆ ಒರಗಿ ನಿಂತಿದ್ದರು. ಇಬ್ಬರೂ ನನ್ನನ್ನು ಕಂಡು ಮಾತು ನಿಲ್ಲಿಸಿದರು.

ಸಂಗತಿ ಇಷ್ಟೇ. ಮ್ಯಾನೇಜರು ಎರಡು ದಿನದ ಹಣವನ್ನು ಎರಡನೆಯ ದಿನ ಪ್ಯಾಕಪ್ ಆದ ಮೇಲೆ, ಅಂದರೆ ಶೂಟಿಂಗ್ ಮುಗಿದ ಮೇಲೆ, ಒಟ್ಟಿಗೆ ಕೊಡುತ್ತೇನೆ ಅಂದಿದ್ದ. ನಿನ್ನೆ ಕೂತವರೇ ಇವತ್ತೂ ಕೂರಬೇಕು. ಅದೇ ಸೀರೆ, ಅದೇ ಜಾಗ. ಕಂಟಿನ್ಯೂಟಿ ಅಂತೆ. ಒಬ್ಬಳು ಎದ್ದು ಹೋದರೂ ನಿನ್ನೆ ತೆಗೆದದ್ದು ದಂಡ, ಆಗ ಯಾರಿಗೂ ಹಣವಿಲ್ಲ. ಇನ್ನು ನಮ್ಮ ಪದ್ಧತಿ ನಿಮಗೆ ಗೊತ್ತೇ ಇದೆ. ಸಾವಿನ ಮನೆಗೆ ಹೋದವರು ತಲೆಯ ಮೇಲೆ ನೀರು ಹಾಕಿಕೊಂಡು ಉಟ್ಟ ಸೀರೆ ನೆನೆಸಬೇಕು. ಹೆಣ ಇರುವ ಓಣಿಯಲ್ಲಿ ಅನ್ನ ಬೇಯಿಸುವಂತಿಲ್ಲ. ಅಲ್ಲಿ ನೋಡಿದರೆ ಸಿನಿಮಾದವರ ದೊಡ್ಡ ಹಂಡೆಗಳಲ್ಲಿ ಆಗಲೇ ಉಪ್ಪಿಟ್ಟು ಬೇಯುತ್ತಿತ್ತು.

ಗೌಡರು ಇದಕ್ಕೊಂದು ದಾರಿ ಕಂಡುಹಿಡಿದಿದ್ದರು.

"ಮನಿ ಮುಂದೆ ಬೆಂಕಿ ಹಾಕಿ, ಹಲಗಿ ಬಡಿಸಿ, ಸುದ್ದಿ ಹೇಳಿಸಿದ ಮ್ಯಾಲಲ್ಲೇನ್ರೀ ಮೈಲಿಗೆ? ಸುದ್ದಿ ಹೇಳದಿದ್ರೆ ಯಾರಿಗೂ ಏನೂ ಇಲ್ಲ. ಸಾಯಂಕಾಲ ಪ್ಯಾಕಪ್ ಆಗಲಿ. ಆಮ್ಯಾಲೆ ಹೇಳಿಸನ."

ಅಂದರೆ? ಪ್ಯಾಕಪ್ ಆಗುವ ತನಕ ಸಿದ್ದಜ್ಜಿ ಬದುಕಿರಬೇಕು!

ನನಗೆ ತಡೆಯಲಾಗಲಿಲ್ಲ. "ಬೇಸಿಗೆ ಗೌಡ್ರೇ. ಹೆಣ ಇಟ್ಕೊಂಡು ಕೂರೋ ಕಾಲವೇ ಇದು? ಮಗಳು ಬಸಮ್ಮ ನ್ಯಾಮತಿಯಲ್ಲಿದ್ದಾಳೆ. ಅವಳಿಗೆ ಯಾರು ಹೇಳ್ತಾರೆ?" ಅಂದೆ.

"ನೀವು ಬೀಗರ ಕಡೆಯೋರು ಮೇಷ್ಟ್ರೇ. ಉಂಡ್ಕಂಡು ಶೂಟಿಂಗ್ ನೋಡ್ರಿ" ಎಂದರು ಗೌಡರು. ಸಿಟ್ಟಿನಿಂದಲ್ಲ, ಮರ್ಯಾದೆಯಿಂದಲೇ ಹೇಳಿದರು. ಆಮೇಲೆ ಕರಿಬಸಪ್ಪನ ಕಡೆ ತಿರುಗಿ, "ನಿಂಗೂ ಒಂದು ಪಾಲು ಕೊಡಿಸ್ತೀನಿ ಬಿಡು. ಮಣ್ಣಿನ ಖರ್ಚಿಗೆ ಆಗತೈತೆ" ಅಂದರು.

ಕರಿಬಸಪ್ಪ ತಾಯಿಯ ಕಾಲ ಮೇಲಿನ ಕಂಬಳಿ ಸರಿಮಾಡಿದ. ಅವನ ಹೆಂಡತಿ ಆಗಲೇ ನಿನ್ನೆಯ ಸೀರೆ ಉಟ್ಟು ಚಟ್ಟದ ಹತ್ತಿರ ಹೋಗಿ ಕೂತಿದ್ದಳು. ಅತ್ತೆಯ ಹೆಣ ಮನೆಯೊಳಗೆ. ಸೊಸೆ ಹೊರಗೆ, ಯಾರದೋ ತಾಯಿಗೆ ಅಳಲು.

ಗೌಡರನ್ನು ಕಟುಕ ಅಂದುಕೊಳ್ಳಬೇಡಿ. ಆ ಬಳೆಗಾರ ಸತ್ತಾಗ ಮೊದಲು ಹೆಗಲು ಕೊಟ್ಟವರು ಇದೇ ಗೌಡರು. ಅವರ ಮನೆಯ ಹೆಂಗಸರು ಯಾರೂ ಕೂಲಿಗೆ ಕೂತಿರಲಿಲ್ಲ. ಓಣಿಯ ಬಡವರಿಗೆ ನಾಲ್ಕು ಕಾಸು ತಪ್ಪಬಾರದು ಅನ್ನುವುದೇ ಅವರ ಯೋಚನೆ.

ಹೊರಗೆ ಬಂದಾಗ ಅಕ್ಕ ಕಾಯುತ್ತಿದ್ದಳು. "ನಾನು ಎದ್ದು ಬಂದ್ರೆ ಓಣಿ ಹೆಂಗಸರ ಹೊಟ್ಟೆ ಮ್ಯಾಲೆ ಹೊಡ್ದಂಗೆ ಆಗತೈತೆ ಕಣೋ. ನೀನಾರ ಬಿಳಿಚೋಡಿಗೆ ಹೋಗಿ ಬಸಮ್ಮಗೆ ಫೋನ್ ಮಾಡಿ ಬಾ. ಒಬ್ಳೇ ಮಗಳು. ಮುಖ ನೋಡ್ದಂಗೆ ಆಗಬಾರ್ದು" ಎಂದಳು. ಕಣ್ಣಿನಲ್ಲಿ ನೀರಿತ್ತು. ಅಷ್ಟರಲ್ಲಿ ಅತ್ತಲಿಂದ ಯಾರೋ ಮೈಕಿನಲ್ಲಿ, "ಅಳೋ ಲೇಡೀಸೆಲ್ಲ ಬನ್ನಿ, ಬನ್ನಿ" ಎಂದು ಕೂಗಿದರು. ಅಕ್ಕ ಕಣ್ಣು ಒರೆಸಿಕೊಂಡು ಅಳಲು ಹೋದಳು.

ಭಾವನ ಸೈಕಲ್ ತುಳಿದುಕೊಂಡು ಬಿಳಿಚೋಡಿಗೆ ಹೋದೆ. ಬಸಮ್ಮನ ಗಂಡ ನ್ಯಾಮತಿಯ ಒಂದು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದಾನೆ. ಗಿರಣಿಗೆ ಫೋನಿದೆ. ಟ್ರಂಕ್ ಕಾಲ್ ಸಿಗಬೇಕಾದರೆ ನನ್ನ ಅಂಗಿಯೆಲ್ಲ ಬೆವರಿನಲ್ಲಿ ನೆನೆದಿತ್ತು. ಕೊನೆಗೂ ಸಿಕ್ಕಿತು. ಗಿರಣಿಯ ಸದ್ದಿನಲ್ಲಿ ಕಿರುಚಿ ಕಿರುಚಿ ಹೇಳಿದೆ. ನ್ಯಾಮತಿಯಿಂದ ಹೊನ್ನಾಳಿ, ಹೊನ್ನಾಳಿಯಿಂದ ದಾವಣಗೆರೆ, ಅಲ್ಲಿಂದ ಇಲ್ಲಿಗೆ. ಅವಳು ಬರುವಾಗ ಸಂಜೆಯ ಬಸ್ಸೇ ಆಗುತ್ತದೆ, ಅಷ್ಟೊತ್ತಿಗೆ ರಸ್ತೆಗೆ ಬಂದು ಕಾಯೋಣ ಎಂದು ಲೆಕ್ಕ ಹಾಕಿ ವಾಪಸ್ ಬಂದೆ.

ಬಂದು ನೋಡಿದರೆ ಜಾತ್ರೆ! ಸುತ್ತಲಿನ ಹಳ್ಳಿಗಳವರೆಲ್ಲ ಮಾಳಿಗೆ ಹತ್ತಿದ್ದರು. ಐಸ್ ಕ್ಯಾಂಡಿಯವನು ಬಂದಿದ್ದ. ಮೆಣಸಿನಕಾಯಿ ಬೋಂಡಾದ ಗಾಡಿ ಬಂದಿತ್ತು. ಸಿದ್ದಜ್ಜಿಯ ಮನೆಯ ಜಗಲಿಯ ಮೇಲೂ ಜನ. ಬಾಗಿಲ ಮುಂದೆ ಒಬ್ಬ ಕಡಲೆಕಾಯಿ ಸುಲಿದು ಸಿಪ್ಪೆ ಚೆಲ್ಲುತ್ತಿದ್ದ. ಅವನಿಗೆ ಒಳಗೇನಿದೆಯೆಂದು ಗೊತ್ತಿಲ್ಲ. ಗೊತ್ತಿದ್ದವರು ಹೇಳುವಂತಿಲ್ಲ. ಓಣಿಯವರಿಗೆಲ್ಲ ಗೊತ್ತಿತ್ತು. ಹೆಂಗಸರು ಅಳುತ್ತಾ ಅಳುತ್ತಾ ಆ ಬಾಗಿಲ ಕಡೆ ಒಮ್ಮೆ ನೋಡುತ್ತಿದ್ದರು, ತಕ್ಷಣ ಕಣ್ಣು ಬೇರೆಡೆಗೆ ತಿರುಗಿಸುತ್ತಿದ್ದರು.

ಕರಿಬಸಪ್ಪ ಮಾತ್ರ ಹೊರಗೆ ಬರಲಿಲ್ಲ. ಒಂದು ಸಲ ಹಿತ್ತಲಿನಿಂದ ಹೋಗಿ ಅವನಿಗೆ ನೀರು ಕೊಟ್ಟು ಬಂದೆ. ಬೀಸಣಿಗೆಯಿಂದ ತಾಯಿಗೆ ಗಾಳಿ ಹಾಕುತ್ತಾ ಕೂತಿದ್ದ.

ಇಳಿಹೊತ್ತಿನ ಬಿಸಿಲು. ಕೊನೆಯ ಶಾಟ್. ಡೈರೆಕ್ಟರು ಟೋಪಿ ಹಾಕಿಕೊಂಡು ಅಲ್ಲಿಂದಿಲ್ಲಿಗೆ ಓಡಾಡುತ್ತಿದ್ದರು. ಹೆಂಗಸರ ಅಳು ಅವರಿಗೆ ಸಾಲುತ್ತಿರಲಿಲ್ಲ. "ಏನಮ್ಮಾ, ನಿನ್ನೆ ಎಷ್ಟು ಚೆನ್ನಾಗಿ ಅತ್ರಿ! ಇವತ್ತೇನಾಯ್ತು? ಹೃದಯದಿಂದ ಬರಲಿ" ಎನ್ನುತ್ತಿದ್ದರು. ಕಣ್ಣಿಗೆ ಗ್ಲಿಸರಿನ್ ಹಾಕಿಸಿದರು. ಚಟ್ಟದ ಮೇಲಿನ ಆಕೆಯ ಮುಖಕ್ಕೆ ಬಿಸಿಲು ಬೀಳುತ್ತದೆಂದು ತೆಳ್ಳನೆಯ ಬಟ್ಟೆ ಮುಚ್ಚಿದರು. ಬೆಂಕಿಗೆ ಇನ್ನೆರಡು ಕುಳ್ಳು ಹಾಕಿದರು. ಹಲಗೆ ಶುರುವಾಯಿತು. ಕ್ಯಾಮೆರಾ ತಿರುಗತೊಡಗಿತು.

ಆಗ ಬಂದಳು ಬಸಮ್ಮ.

ಅವಳು ಸಂಜೆಯ ಬಸ್ಸಿಗೆ ಕಾದಿರಲಿಲ್ಲ. ದಾವಣಗೆರೆಯಲ್ಲಿ ಯಾವುದೋ ಲಾರಿಯವನ ಕಾಲು ಹಿಡಿದು ಹತ್ತಿಕೊಂಡು ಬಂದಿದ್ದಳು. ಓಣಿಯ ಬಾಯಲ್ಲಿ ಅವಳ ಕೊರಳು ತಬ್ಬಿ ಅಳಲು ಯಾರೂ ಇರಲಿಲ್ಲ. ಅಲ್ಲಿ ನಿಂತು ಅವಳಿಗೆ ಕಂಡದ್ದೇನು? ತನ್ನದೇ ಓಣಿ. ಹೊಗೆಯಾಡುವ ಬೆಂಕಿ. ಹಲಗೆಯ ಸದ್ದು. ಎದೆ ಬಡಿದುಕೊಳ್ಳುತ್ತಿರುವ ಗಿರಿಜಕ್ಕ, ಅತ್ತಿಗೆ, ಓಣಿಯ ಎಲ್ಲ ಹೆಂಗಸರು. ನಡುವೆ ಮುಖ ಮುಚ್ಚಿ ಮಲಗಿಸಿದ ಒಬ್ಬ ಮುದುಕಿ. ಮಾಳಿಗೆಯ ಮೇಲೆ ಊರಿಗೆ ಊರೇ. ಅವ್ವನಿಗಾಗಿ ಇಷ್ಟೊಂದು ಜನ ಬಂದಿದ್ದಾರೆ ಅಂದುಕೊಂಡಳೋ ಏನೋ.

"ಯವ್ವಾ!" ಎಂದು ಓಡಿಬಂದಳು. ನಾನು ಜನರ ನಡುವೆ ಸಿಕ್ಕಿಕೊಂಡಿದ್ದೆ. ಕೂಗಿದೆ. ಹಲಗೆಯ ಸದ್ದಿನಲ್ಲಿ ಯಾರಿಗೆ ಕೇಳಿಸಬೇಕು? ಬಸಮ್ಮ ನೇರ ಹೋಗಿ ಆ ಸಿನಿಮಾದ ಹೆಂಗಸಿನ ಕಾಲಿನ ಮೇಲೆ ಬಿದ್ದಳು.

"ಯುಗಾದಿಗೆ ಬಾ ಅಂದಿದ್ಯಲ್ಲವ್ವಾ, ಬರಲಿಲ್ಲಲ್ಲವ್ವಾ ನಾನು... ನನ್ನ ಬಾಣಂತನಕ್ಕೆ ಬೆಲ್ಲ ಹೊತ್ಕಂಡು ನ್ಯಾಮತಿಗಂಟ ಬಂದ್ಯಲ್ಲವ್ವಾ... ಊರಿಗೆಲ್ಲ ಅತ್ಯಲ್ಲವ್ವಾ, ಇನ್ನ ನನ್ನ ಕಣ್ಣು ಒರಸೋರು ಯಾರವ್ವಾ... ಸೀರೆ ಕೇಳಿದ್ಯಲ್ಲವ್ವಾ, ಹಸಿರು ಸೀರೆ ಕೇಳಿದ್ಯಲ್ಲವ್ವಾ..."

ಚೀಲದಿಂದ ಹಸಿರು ಸೀರೆಯೊಂದನ್ನು ತೆಗೆದು ಆ ಕಾಲಿನ ಮೇಲೆ ಹೊದಿಸಿದಳು.

ಡೈರೆಕ್ಟರಿಗೆ ಅವಳು ಯಾರೆಂದು ಗೊತ್ತಿಲ್ಲ, ನಿಜ. ಆದರೆ ಅದು ನಟನೆಯಲ್ಲ ಎಂದು ಗೊತ್ತಾಗದಷ್ಟು ದಡ್ಡರೇ? ಅವರು ಕಟ್ ಅನ್ನಲಿಲ್ಲ. ಎರಡೂ ಕೈ ಎತ್ತಿ, ನಿಲ್ಲಿಸಬೇಡ, ನಿಲ್ಲಿಸಬೇಡ ಎಂದು ಕ್ಯಾಮೆರಾದವನಿಗೆ ಸನ್ನೆ ಮಾಡಿದರು. ಅವರ ಮುಖದಲ್ಲಿದ್ದ ಸಂತೋಷವನ್ನು ನಾನು ಕಣ್ಣಾರೆ ಕಂಡೆ. ನಿಧಿ ಸಿಕ್ಕವನ ಸಂತೋಷ.

ಓಣಿಯ ಹೆಂಗಸರು? ಕ್ಯಾಮೆರಾ ತಿರುಗುತ್ತಿದೆ. ಎದ್ದರೆ ಎರಡು ದಿನದ ಕೂಲಿ ಹೋಯಿತು. ಅವರು ಅಳುತ್ತಲೇ ಇದ್ದರು. ಬಸಮ್ಮನ ಅತ್ತಿಗೆ ತಲೆ ತಗ್ಗಿಸಿ ಎದೆ ಬಡಿದುಕೊಳ್ಳುತ್ತಲೇ ಇದ್ದಳು. ನನ್ನ ಹಿಂದೆ ಮಾಳಿಗೆಯ ಮೇಲಿದ್ದ ಒಬ್ಬ, "ಈವಮ್ಮನ್ನ ಯಾವ್ದೋ ಪಿಚ್ಚರ್‌ನಾಗೆ ನೋಡೀನಿ ಕಣ್ಲಾ" ಎಂದು ಪಕ್ಕದವನಿಗೆ ಹೇಳುತ್ತಿದ್ದ.

ಮೊದಲು ಎದ್ದವಳು ನನ್ನ ಅಕ್ಕ. ಹೊಗಳಿಕೊಳ್ಳಲು ಹೇಳುತ್ತಿಲ್ಲ, ಅವಳೂ ಬಹಳ ಹೊತ್ತು ಕೂತೇ ಇದ್ದಳು. ಕೊನೆಗೆ ಎದ್ದು ಬಂದು ಬಸಮ್ಮನ ಭುಜ ಹಿಡಿದಳು. "ಬಸ್ಸೀ, ಏಳವ್ವಾ. ಇದು ನಿಮ್ಮವ್ವ ಅಲ್ಲ."

ಬಸಮ್ಮನಿಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಚಟ್ಟದ ಮೇಲಿದ್ದ ಆಕೆಯೇ ಮುಖದ ಬಟ್ಟೆ ಸರಿಸಿ ಎದ್ದು ಕೂತಳು. ಪಾಪ, ಆ ಹೆಂಗಸಿನ ಕೆನ್ನೆಯೆಲ್ಲ ಒದ್ದೆ. "ಯಾರಮ್ಮಾ ನೀನು? ನನ್ನ ಕಾಲು ಬಿಡಮ್ಮಾ" ಎಂದು ಕೈ ಮುಗಿದಳು. ಬಸಮ್ಮ ಚೀರಿ ಹಿಂದಕ್ಕೆ ಬಿದ್ದಳು.

"ಕಟ್!" ಎಂದರು ಡೈರೆಕ್ಟರು.

ಚಪ್ಪಾಳೆ ಬಿತ್ತು. ಮಾಳಿಗೆಗಳ ಮೇಲಿಂದ, ಜಗಲಿಗಳ ಮೇಲಿಂದ, ಬೋಂಡಾ ಗಾಡಿಯ ಹತ್ತಿರದಿಂದ. ಯಾರೋ ಶಿಳ್ಳೆ ಹಾಕಿದರು.

ಬಸಮ್ಮ ಮಣ್ಣಿನಲ್ಲಿ ಕೂತು ಸುತ್ತಲೂ ನೋಡಿದಳು. ಚಪ್ಪಾಳೆ ತಟ್ಟುವವರನ್ನು ನೋಡಿದಳು. ಅತ್ತಿಗೆಯ ಮುಖ ನೋಡಿದಳು. "ನಮ್ಮವ್ವ ಎಲ್ಲೈತೆ ಹಂಗಾದ್ರೆ?" ಎಂದಳು. ಒಂದು ಕ್ಷಣ ಅವಳ ಮುಖದಲ್ಲಿ ಆಸೆ ಮೂಡಿತು. ಅವ್ವ ಸತ್ತೇ ಇಲ್ಲ, ಫೋನಿನ ಸುದ್ದಿ ಸುಳ್ಳು, ಎಲ್ಲವೂ ಸಿನಿಮಾ ಅಂದುಕೊಂಡಳು. ನನ್ನನ್ನು ಈಗಲೂ ನಿದ್ದೆಗೆಡಿಸುವುದು ಆ ಒಂದು ಕ್ಷಣವೇ. ಅಕ್ಕ ಅವಳ ನಡು ಹಿಡಿದು ಆ ಅರ್ಧ ಹಾಕಿದ ಬಾಗಿಲ ಕಡೆಗೆ ಕರೆದುಕೊಂಡು ಹೋದಳು.

ಪ್ಯಾಕಪ್ ಆಯಿತು. ಎಲ್ಲರಿಗೂ ಹಣ ಸಿಕ್ಕಿತು. ಯಾರದ್ದನ್ನೂ ಹಿಡಿಯಲಿಲ್ಲ. ಎದ್ದು ಬಂದ ನನ್ನ ಅಕ್ಕನದ್ದನ್ನೂ. ಶಾಟ್ ಅಷ್ಟು ಚೆನ್ನಾಗಿ ಬಂದಿತ್ತಂತೆ.

ಆಮೇಲೆ ಸುದ್ದಿ ಹೇಳಿಸಿದರು. ಸಿನಿಮಾದವರು ಬಿಟ್ಟುಹೋದ ಬೆಂಕಿಯನ್ನೇ ಸಿದ್ದಜ್ಜಿಯ ಮನೆಯ ಮುಂದೆ ತಂದು ಹಾಕಿದರು. ಹಲಗೆಯವರು ಲಾರಿ ಹತ್ತುವವರಿದ್ದರು, ಅವರಿಗೆ ಇನ್ನೊಂದು ಗಳಿಗೆ ಬಾರಿಸಿ ಹೋಗಿ ಅಂದರು. ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಬಂದು ಹೆಣದ ಸುತ್ತ ಕೂತರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಎರಡು ದಿನ ಗ್ಲಿಸರಿನ್ ಬಿದ್ದ ಕಣ್ಣುಗಳು ಕೆಂಪಗೆ ಊದಿಕೊಂಡಿದ್ದವು. ಗಂಟಲು ಕಟ್ಟಿತ್ತು. ಒಬ್ಬಳು ಅಳಲು ಶುರುಮಾಡಿದಳು. ಎರಡು ಮಾತು ಹಾಡಿದಳು. ಅದು ಹೊರಗೆ ಸಿನಿಮಾದ ತಾಯಿಗೆ ಹಾಡಿದ ಮಾತೇ ಆಗಿತ್ತು. ಅವಳಿಗೇ ಗೊತ್ತಾಗಿ ಸುಮ್ಮನಾದಳು. ಮತ್ತೆ ಯಾರೂ ಬಾಯಿ ತೆರೆಯಲಿಲ್ಲ.

ಬಸಮ್ಮನೂ ಅಳಲಿಲ್ಲ. ತಾಯಿಯ ಕೈ ಹಿಡಿದುಕೊಂಡು ಕೂತಿದ್ದಳು. ಯಾರಾದರೂ ಬಾಗಿಲಿಗೆ ಬಂದರೆ ಬೆಚ್ಚಿ ಅತ್ತ ನೋಡುತ್ತಿದ್ದಳು. ಬಿಸಿಲಿಗೆ ಹೆಣ ಕೆಟ್ಟಿತ್ತು, ಇಟ್ಟುಕೊಳ್ಳುವಂತಿರಲಿಲ್ಲ. ಹೊತ್ತು ಮುಳುಗುವುದರೊಳಗೆ ಎತ್ತಿದರು. ಊರಿನ ಎಲ್ಲ ಸಾವಿಗೂ ಅತ್ತ ಸಿದ್ದಜ್ಜಿ ಒಂದು ಅಳುವೂ ಇಲ್ಲದೆ ಮಣ್ಣಿಗೆ ಹೋದಳು.

ಮ್ಯಾನೇಜರು ಹೋಗುವ ಮುಂಚೆ ಬಂದಿದ್ದ. ವಿಷಯ ತಿಳಿದಿತ್ತು. "ಸಾರಿ ಸಾರ್, ನಮಗೆ ಗೊತ್ತೇ ಇರ್ಲಿಲ್ಲ" ಎಂದು ನನಗೆ ಹೇಳಿದ. ನಿಜವೇ. ಗೊತ್ತಿದ್ದವರು ನಮ್ಮವರು. ಆಮೇಲೆ ಕರಿಬಸಪ್ಪನ ಕೈಗೆ ಮಡಚಿದ ನೋಟುಗಳನ್ನಿಟ್ಟು, "ನಿಮ್ಮ ತಂಗಿದು. ತುಂಬಾ ನ್ಯಾಚುರಲ್ ಆಗಿ ಬಂತು" ಅಂದ. ಕರಿಬಸಪ್ಪ ನೋಟುಗಳನ್ನು ನೋಡಿದ. ಎಸೆಯುತ್ತಾನೆ ಅಂದುಕೊಂಡೆ. ಎಸೆಯಲಿಲ್ಲ. ಎಸೆದು ಏನು ಮಾಡುತ್ತಾನೆ? ನಾಳಿದ್ದು ಹಾಲು ತುಪ್ಪ ಬಿಡಬೇಕು, ಜನಕ್ಕೆ ಊಟ ಹಾಕಬೇಕು.

ಈಗ ಹೇಳಿ, ಯಾರನ್ನು ಬೈಯಲಿ? ಸಿನಿಮಾದವರನ್ನೇ? ನಾನೇ ರಜೆಯಲ್ಲಿ ಬಸ್ಸು ಹತ್ತಿ ಅದನ್ನು ನೋಡಲು ಹೋದವನು. ಕೂಲಿಯ ಹೆಂಗಸರನ್ನೇ? ಅವರ ಸ್ಟೀಲ್ ಕೊಡದ ಮೇಲೆ ಕಲ್ಲು ಹಾಕಲು ನಾನ್ಯಾರು? ಚನ್ನಗಿರಿಯಲ್ಲಿ ನಾವೇನು ಕಡಿಮೆಯೇ? ಮೊನ್ನೆ ನಮ್ಮ ಬೀದಿಯಲ್ಲಿ ಹೆಣ ಇಟ್ಟುಕೊಂಡು ಮಕ್ಕಳ ದಾರಿ ಕಾಯುತ್ತಿದ್ದರು. ಎದುರು ಮನೆಯವರು ಟೀವಿಯ ವಾಲ್ಯೂಮ್ ಕಡಿಮೆ ಮಾಡಿದರು. ಬಂದ್ ಮಾಡಲಿಲ್ಲ. ಅಷ್ಟು ಮಾಡಿದ್ದಕ್ಕೇ ಒಳ್ಳೆಯ ಜನ ಎಂದು ಹೊಗಳಿದೆವು. ಹಳೆಯ ಓಣಿಯಲ್ಲಿ ಒಲೆ ಹಚ್ಚದೆ ಉಪವಾಸ ಕೂತವರ ಮಕ್ಕಳು ನಾವು. ನಮಗೆ ಯಾರೂ ವಿಷ ಹಾಕಲಿಲ್ಲ. ಒಂದು ಕೈಗೆ ದುಡ್ಡು ಕೊಟ್ಟರು, ಇನ್ನೊಂದು ಕಡೆ ಆಟ ತೋರಿಸಿದರು. ಅಷ್ಟಕ್ಕೇ ಒಬ್ಬ ಮುದುಕಿಯನ್ನು ಒಂದು ಹಗಲು ಸಾಯದ ಹಾಗೆ ತಡೆಹಿಡಿದೆವು.

ಈ ಸಿನಿಮಾ ಇನ್ನು ಕೆಲವು ತಿಂಗಳಿಗೆ ನಿಮ್ಮೂರಿಗೂ ಬರುತ್ತದೆ. ಹೊನ್ನಾಳಿಗೆ ಬರುತ್ತದೆ, ನ್ಯಾಮತಿಯ ಟೆಂಟಿಗೂ ಬರುತ್ತದೆ. ಒಬ್ಬ ಹೆಂಗಸು ಓಡಿಬಂದು ಹೆಣದ ಕಾಲಿಗೆ ಬಿದ್ದು ಹಸಿರು ಸೀರೆ ಹೊದಿಸುವ ದೃಶ್ಯ ಬರುತ್ತದೆ. ನೀವೆಲ್ಲ ಅಳುತ್ತೀರಿ. ಅಳದೆ ಇರಲು ಯಾರಿಂದಲೂ ಆಗುವುದಿಲ್ಲ, ಅಷ್ಟು ನಿಜವಾದ ಅಳು ಅದು. ಆ ಓಣಿಯವರೂ ಟ್ರ್ಯಾಕ್ಟರ್ ಕಟ್ಟಿಕೊಂಡು ಜಗಳೂರಿಗೆ ಹೋಗಿ ಟಿಕೆಟ್ ತೆಗೆದುಕೊಂಡು ಅಳುತ್ತಾರೆ. ಅವತ್ತು ಸಿದ್ದಜ್ಜಿಗೆ ಬರದ ಕಣ್ಣೀರು ಅಲ್ಲಿ ಬಂದರೂ ಬರಬಹುದು.

ಮರುದಿನ ನಾನು ಊರು ಬಿಡುವಾಗ ಬಸಮ್ಮ ಜಗಲಿಯ ಮೇಲೆ ಒಬ್ಬಳೇ ಕೂತಿದ್ದಳು. ಬರ್ತೀನಮ್ಮಾ ಅಂದೆ. ಅವಳು ತಲೆಯಾಡಿಸಿದಳು. ನಾಲ್ಕು ಹೆಜ್ಜೆ ಹೋದ ಮೇಲೆ ಕರೆದಳು. ನಾನು ಓದಿದವನು, ಮಕ್ಕಳಿಗೆ ಹೇಳಿಕೊಡುವವನು, ಪೇಪರಿನಲ್ಲಿ ಬರೆಯುವವನು ಎಂದು ಅವಳಿಗೆ ನಂಬಿಕೆ. ತಗ್ಗಿದ ದನಿಯಲ್ಲಿ, ಯಾರಿಗೂ ಕೇಳಿಸದ ಹಾಗೆ ಕೇಳಿದಳು:

"ಮೇಷ್ಟ್ರೇ, ನಾನು ನಿನ್ನೆ ಅತ್ತಿದ್ದು ನಮ್ಮವ್ವಗೆ ಮುಟ್ಟಿರತೈತಾ, ಇಲ್ಲಾ ಅದೂ ಸಿನಿಮಾದೋರ್ದೇ ಆತಾ?"